ಎಡ ರೆಕ್ಕೆಯ ಗುರುತು

ಮೆಹದಿಪಟ್ಟಣಂ, ಹೈದರಾಬಾದ್
18 ಜನವರಿ 2023

ಪ್ರಫುಲ್ಲಾಳಿಗೆ ನಿನ್ನ ವೈನಿ ಗಂಗಾಬಾಯಿ ಬರೆಯುವುದು.

ನೀನು ಮಂಗಳೂರಿನಿಂದ ರೈಲಿಗೆ ಹಾಕಿದ ಥರ್ಮಾಕೋಲ್ ಡಬ್ಬಿಯನ್ನು ಕಾಚಿಗೂಡದಲ್ಲಿ ಬಿಡಿಸಿಕೊಂಡೆ. ಪಾರ್ಸೆಲ್ ಬಾಬು ಅದನ್ನು ಅಲುಗಾಡಿಸಿ ನೋಡಿ, "ಅಮ್ಮಾ, ಅಂದರ್ ಕುಛ್ ನಹೀ" ಎಂದ. ಸಮುದ್ರದ ಗಾಳಿ ತುಂಬಿ ಕಳಿಸಿದ್ದಾರೆ, ಸೋರದ ಹಾಗೆ ಕೊಡಪ್ಪ ಎಂದೆ.

ಮನೆಗೆ ಬಂದು ತೆರೆದರೆ ಚೀಟಿ. "ವೈನಿ, ನಾನು ಅಣ್ಣನಿಗೆ ಕೊಟ್ಟಿದ್ದ ಕೊರ್ರಮೀನುಗಳಲ್ಲಿ, ಎಡಗಡೆಯ ಹೊಟ್ಟೆರೆಕ್ಕೆ ಕತ್ತರಿಸಿದ ಹಳೆಯವು, ಮೂರು ಬೇಕು. ಐಸಿನಲ್ಲಿಟ್ಟು ಇದೇ ಡಬ್ಬಿಯಲ್ಲಿ ಕಳಿಸಿ. ಪರೀಕ್ಷೆಗೆ." ಅಷ್ಟೇ. ಸಂಕ್ರಾಂತಿ ಮೊನ್ನೆ ಮುಗಿದಿದೆ, ಕುಸುರೆಳ್ಳಿನ ಒಂದು ಕಾಳೂ ಇಲ್ಲ.

ನನ್ನನ್ನು 'ಕಳಿಸಿ' ಎಂದು ಬಹುವಚನದಲ್ಲಿ ಕೂರಿಸಿದ್ದೀಯ. ಯಾದಗಿರಿ ಬಿಟ್ಟು ಇಲ್ಲಿಗೆ ಗಾರೆ ಹೊರಲು ಬಂದಾಗ ನೀನು ನಿಮ್ಮಣ್ಣನ ಬೆನ್ನ ಮೇಲಿದ್ದೆ. ಜಡೆ ಹಾಕಿಸಿಕೊಳ್ಳುತ್ತ "ನೀ ಭಾಳ ಎಳೀತಿ ವೈನಿ" ಎಂದು ಅಳುತ್ತಿದ್ದವಳು ನೀನು. ಆ 'ನೀ' ಎಲ್ಲಿ ಕಳೆಯಿತು? ನನ್ನ ಕಾಗದದ ಭಾಷೆ ನೋಡಿ ನಗಬೇಡ. ಬರೆಯಲು ಕೂತರೆ ಏಳನೇ ಇಯತ್ತೆಯ ಮಾಸ್ತರರ ಛಡಿ ನೆನಪಾಗುತ್ತದೆ, ಮಾತು ತಾನೇ ನೆಟ್ಟಗಾಗುತ್ತದೆ.

ನಿಮ್ಮಣ್ಣ ಸಾಬಣ್ಣ ಹೋಗಿ ನಾಲ್ಕು ತಿಂಗಳಾಯಿತು. ಮಣ್ಣು ಮಾಡಿ ಬಂದ ಮೇಲೆ ನೀನು ಒಂದು ಸಲವೂ ಫೋನ್ ಎತ್ತಿಲ್ಲ. ಚೇವೆಳ್ಳದ ಕಡೆ ನಾವು ಮೀನು ಸಾಕಿದ್ದ ಹೊಂಡದ ಜಾಲರಿ ತಂತಿ ಅವನ ಅಂಗೈಗೆ ಗೀರಿತು, ಅವನು ಅರಿಶಿಣ ಒತ್ತಿಕೊಂಡು ಮತ್ತೆ ನೀರಿಗೆ ಕೈ ಹಾಕಿದ, ಜ್ವರ ಬಂತು, ವಾರ ತುಂಬುವುದರೊಳಗೆ ಮುಗಿಯಿತು. ರಕ್ತಕ್ಕೆ ನಂಜು ಏರಿತು, ಲಿವರು ಮೊದಲೇ ಸೋತಿತ್ತು ಎಂದರು. ಕುಡಿತ ಬಿಟ್ಟು ಎಷ್ಟೋ ವರ್ಷವಾಗಿತ್ತು. ಲಿವರು ಮಾತ್ರ ಹಳೆಯದನ್ನು ಮರೆತಿರಲಿಲ್ಲ. ಇದೆಲ್ಲ ನೀನೂ ನಾನೂ ಒಟ್ಟಿಗೆ ನೋಡಿದ್ದೇ. ನೋಡಿದ ಮೇಲೆ ಇಬ್ಬರೂ ಒಂದು ಮಾತು ಆಡಿಲ್ಲ.

ಸಂತೆಯ ನ್ಯಾಯ ನಿನಗೆ ಗೊತ್ತು. ಮಾಲು ಬೇಕಾದವನು ಯಾಕೆ ಬೇಕೆಂದು ಹೇಳಬೇಕು. ಸಾರಿಗೋ, ಹುರಿಯಲಿಕ್ಕೋ, ಬಾಣಂತಿಗೋ. ಅದಕ್ಕೆ ತಕ್ಕ ಮೀನು ಎತ್ತಿಕೊಡುತ್ತೇನೆ. ನೀನು ಯಾಕೆಂದು ಬರೆ, ಆಮೇಲೆ ಡಬ್ಬಿ ತುಂಬುತ್ತೇನೆ.

ವೈನಿ

*

ಮಂಗಳೂರು
4 ಫೆಬ್ರವರಿ 2023

ಪ್ರೀತಿಯ ವೈನಿಯವರಿಗೆ,

ಫೋನ್ ಎತ್ತದ್ದಕ್ಕೆ ಕಾರಣ ಹೇಳಬೇಕು. ನೀವು ಅಣ್ಣನ ಫೋನಿನಿಂದ ಮಾಡುತ್ತೀರಿ. ನನ್ನ ಪರದೆಯ ಮೇಲೆ 'ಅಣ್ಣ' ಎಂದು ಬರುತ್ತದೆ, ಜೊತೆಗೆ ಅವನು ಹೊಂಡದ ದೊಡ್ಡ ಮೀನು ಗೌಡಶಾನಿಯನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದ ಫೋಟೊ. ಹೆಸರು ಬದಲಿಸಿದರಾಯಿತು ಎಂದು ಎಷ್ಟೋ ಸಲ ಕೂತಿದ್ದೇನೆ. ಆಗಲಿಲ್ಲ. ರಿಂಗ್ ನಿಲ್ಲುವವರೆಗೆ ನೋಡುತ್ತ ಕೂರುತ್ತೇನೆ. ಕಾಗದದಲ್ಲಾದರೆ ನಿಮ್ಮ ಹೆಸರೇ ಬರುತ್ತದೆ.

ಮೀನು ಯಾಕೆ ಬೇಕೆಂದು ಕೇಳಿದ್ದೀರಿ. ಇದು ನನ್ನ ಸಂಶೋಧನೆಯ ವಿಷಯ.

ಮೀನಿನ ಮೈಯಲ್ಲಿ, ನಮ್ಮ ಮೈಯಲ್ಲಿರುವ ಹಾಗೆಯೇ, ಕಾವಲು ಕೋಶಗಳಿವೆ. ಹೊರಗಿನಿಂದ ಬ್ಯಾಕ್ಟೀರಿಯಾ ಹೊಕ್ಕರೆ ಅವು ಸುತ್ತುವರಿದು ನುಂಗುತ್ತವೆ. ನುಂಗಿದ್ದನ್ನು ಒಂದು ಚೀಲದಲ್ಲಿ ಹಾಕಿ ಆಮ್ಲ ಸುರಿದು ಕರಗಿಸುತ್ತವೆ. ಹೆಚ್ಚಿನ ಬ್ಯಾಕ್ಟೀರಿಯಾದ ಕಥೆ ಅಲ್ಲಿಗೆ ಮುಗಿಯುತ್ತದೆ. ನಾನು ಓದುತ್ತಿರುವುದು ಮುಗಿಯದ ಒಂದನ್ನು. ಅದು ತಾನಾಗಿ ನುಂಗಿಸಿಕೊಳ್ಳುತ್ತದೆ. ಚೀಲದೊಳಗೆ ಕೂತು, ಸೂಜಿಯಂಥ ಅಂಗದಿಂದ ಚೀಲದ ಗೋಡೆ ಚುಚ್ಚಿ, ಕಾವಲು ಕೋಶದೊಳಕ್ಕೆ ತನ್ನ ಸರಕನ್ನು ರವಾನಿಸುತ್ತದೆ. ಅದಾದ ಮೇಲೆ ಕೊಲ್ಲುವುದಕ್ಕೆಂದಿದ್ದ ಚೀಲ ಅದಕ್ಕೆ ಮನೆಯಾಗುತ್ತದೆ. ಅಲ್ಲೇ ಸಂತಾನ ಬೆಳೆಸುತ್ತದೆ. ಕಾವಲು ಕೋಶ ಎಂದಿನಂತೆ ಮೈಯೆಲ್ಲ ಗಸ್ತು ತಿರುಗುತ್ತ, ಮೂತ್ರಪಿಂಡಕ್ಕೆ, ಗುಲ್ಮಕ್ಕೆ, ತಾನೇ ಅದನ್ನು ಹೊತ್ತು ಮುಟ್ಟಿಸುತ್ತದೆ. ನೀರಿಗೋ ಮೇವಿಗೋ ಹಾಕಿದ ಔಷಧಿ ಅಷ್ಟು ಗೋಡೆ ದಾಟಿ ಅದನ್ನು ತಲುಪುವುದು ಕಷ್ಟ. ಮೀನು ತಿನ್ನುತ್ತದೆ, ಈಜುತ್ತದೆ, ಮರಿ ಮಾಡುತ್ತದೆ. ನೋಡಿದವರಿಗೆ ಆರೋಗ್ಯದ ಮೀನು. ನೀರು ಕಾದಾಗಲೋ, ಒತ್ತೊತ್ತಾಗಿ ತುಂಬಿದಾಗಲೋ, ಮೈ ಸೋತ ದಿನ ಅದು ಹೊರಗೆ ಬರುತ್ತದೆ.

ಅಂಥದ್ದು ಹಳೆಯ ಮೀನುಗಳಲ್ಲಿ ಇದೆಯೋ ಇಲ್ಲವೋ ನೋಡಬೇಕು. ನಾನು ಕೊಟ್ಟ ಮೀನಿಗೆ ಎಡ ರೆಕ್ಕೆಯನ್ನು ಬುಡದವರೆಗೆ ಕತ್ತರಿಸಿ ಗುರುತು ಮಾಡಿದ್ದೆ. ಅದು ಮತ್ತೆ ಬೆಳೆಯುವುದಿಲ್ಲ. ಆದ್ದರಿಂದ ಆ ಗುರುತಿನವೇ ಬೇಕು.

ಇದಕ್ಕೂ ಅಣ್ಣನ ಕಾಯಿಲೆಗೂ ಏನೂ ಸಂಬಂಧವಿಲ್ಲ. ನೀವು ಕೇಳುವ ಮೊದಲೇ ಹೇಳುತ್ತಿದ್ದೇನೆ.

ಮೀನು ಹಿಡಿಯುವಾಗ ಉದ್ದನೆಯ ರಬ್ಬರ್ ಕೈಗವಸು ಹಾಕಿಕೊಳ್ಳಿ. ಈ ಕಾಗದದ ಜೊತೆಗೇ ಎರಡು ಜೋಡಿ ಕಳಿಸಿದ್ದೇನೆ. ಕೈಗೆ ಸಣ್ಣ ಗೀರಿದ್ದರೂ ನೀರಿಗೆ ಇಳಿಯಬೇಡಿ.

ನಿಮ್ಮ
ಪ್ರಫುಲ್ಲಾ

*

ಮೆಹದಿಪಟ್ಟಣಂ
22 ಫೆಬ್ರವರಿ 2023

ಪ್ರಫುಲ್ಲಾ,

ನಿನ್ನ ಬ್ಯಾಕ್ಟೀರಿಯಾ ನನಗೆ ಪರಿಚಯದ ಪೈಕಿ. ನಮ್ಮ ಓಣಿಯ ಮನೆ ಮಾಲೀಕ ಸಾಬರು ಜಬರದಸ್ತು ಮನುಷ್ಯ. ಬಾಡಿಗೆ ಕೊಡದವನ ಪಾತ್ರೆ ಬೀದಿಗೆ ಎಸೆದವರು. ಒಬ್ಬ ಬಂದ. ಬೈಸಿಕೊಂಡ, ಹೊಡೆಸಿಕೊಂಡ, ಹೊರಗೆ ಮಾತ್ರ ಹೋಗಲಿಲ್ಲ. ಈಗ ಸಾಬರೇ ಅವನ ಮಗಳನ್ನು ಶಾಲೆಗೆ ಬಿಟ್ಟು ಬರುತ್ತಾರೆ, ಬರುವಾಗ ಅವನ ಹಾಲು ತರುತ್ತಾರೆ. ಕೇಳಿದರೆ, ನನ್ನ ಮನೆ ನಾನು ಕಾಯುತ್ತಿದ್ದೇನೆ ಎನ್ನುತ್ತಾರೆ.

ಇನ್ನೊಂದು ಮಾತು. ಅಣ್ಣನ ಕಾಯಿಲೆಗೂ ಇದಕ್ಕೂ ಸಂಬಂಧವಿಲ್ಲ ಎಂದು ಬರೆದಿದ್ದೀಯ. ನಾನು ಕೇಳಿರಲಿಲ್ಲ. ಗಿರಾಕಿ ಬಾಯಿ ತೆರೆಯುವ ಮೊದಲೇ ಮೀನು ತಾಜಾ ಐತಿ ಎನ್ನುವವನ ಬುಟ್ಟಿಯಲ್ಲಿ ನಾನು ಕೈ ಹಾಕುವುದಿಲ್ಲ. ಇರಲಿ. ನೀನು ಓದಿದವಳು, ಸಂಬಂಧವಿಲ್ಲ ಎಂದರೆ ಇಲ್ಲ.

ಹೊಂಡಕ್ಕೆ ಭಾನುವಾರ ಹೋದೆ. ಚೇವೆಳ್ಳದ ಬಸ್ಸಿನಲ್ಲಿ ಪಾರ್ವತೆಮ್ಮನೂ ಬಂದಳು. ಸಾಬಣ್ಣ ಹೋದ ಮೇಲೆ ಮೇವು ಹಾಕುವವಳು ಅವಳೇ. ನಾನು ಕೈಗವಸು ಏರಿಸಿದ್ದನ್ನು ನೋಡಿ ದಂಡೆಯ ಮೇಲೆ ಕೂತುಬಿಟ್ಟಳು.

"ಅಕ್ಕಾ, ಡಾಕ್ಟರಾದೇನು? ಮೀನಿಗೆ ಬಾಣಂತನ ಮಾಡಾಕತ್ತೀಯೇನು?"

"ಸುಮ್ಮ ಬಲಿ ಹಿಡಿ."

"ನೀ ಹಿಂಗ ಬಂದ್ರ ಅವು ನಗ್ತಾವ."

"ನಗಲಿ. ನಗೋ ಮೀನು ಲಗೂ ಸಿಗ್ತಾವ."

ಅವಳ ಕೈಗೂ ಒಂದು ಜೊತೆ ಹಾಕಿಸಿದೆ. ಒಲ್ಲೆ ಎಂದಳು. ನಾನು ಬೈದೆ. ಬೈದದ್ದು ಜಾಸ್ತಿಯಾಯಿತು, ಅವಳು ಮುಖ ಸಣ್ಣದು ಮಾಡಿಕೊಂಡಳು.

ಗೌಡಶಾನಿ ಇನ್ನೂ ಹಾಗೇ ಇದ್ದಾಳೆ. ಕರಿಯ ಹಾವಿನ ತಲೆ, ನಡೆದರೆ ಹೊಂಡವೆಲ್ಲ ತನ್ನದೇ ಎಂಬ ಠೀವಿ. ಊರಿನ ಗೌಡರ ಹೆಂಡತಿ ಬಾವಿಗೆ ಬರುತ್ತಿದ್ದದ್ದು ಹೀಗೇ ಎಂದು ನಿಮ್ಮಣ್ಣ ಹೆಸರಿಟ್ಟದ್ದು. ಅವನು ಅಂಗೈ ನೀರಿಗೆ ಚಾಚಿದರೆ ತಳದಿಂದ ಎದ್ದು ಬಂದು ಮೂತಿ ತಾಗಿಸುತ್ತಿದ್ದಳಲ್ಲ. ಮೊನ್ನೆಯೂ ಅದೇ ಮೂಲೆಯಲ್ಲಿ ನಿಂತಿದ್ದಳು. ಅವಳನ್ನು ಹಿಡಿಯಲಿಲ್ಲ. ಬೇರೆ ಮೂರು ಹಿಡಿದಿದ್ದೇನೆ. ಎಡ ರೆಕ್ಕೆ ಇಲ್ಲದವೇ. ಮೂರನ್ನೂ ಮಗುಚಿ ಖಾತ್ರಿ ಮಾಡಿಕೊಂಡೇ ಐಸಿನಲ್ಲಿಟ್ಟೆ. ನೀನೂ ನೋಡಿಕೋ.

ಪರೀಕ್ಷೆ ಮುಗಿದ ಮೇಲೆ ಹೇಗಿದ್ದರೂ ತಿಳಿಸು. ಚೆನ್ನಾಗಿಯೇ ಇರುತ್ತವೆ, ನನಗೆ ಗೊತ್ತು. ನೀನು ಪ್ರೀತಿಯಿಂದ ತಂದ ಮೀನು.

ವೈನಿ

*

ಮಂಗಳೂರು
9 ಮಾರ್ಚ್ 2023

ಪ್ರೀತಿಯ ವೈನಿಯವರಿಗೆ,

ಮೀನು ಮುಟ್ಟಿದವು. ಐಸ್ ಕರಗಿರಲಿಲ್ಲ. ಮೂರರ ಮೂತ್ರಪಿಂಡ ಮತ್ತು ಗುಲ್ಮ ತೆಗೆದು ನೋಡಿದೆ. ನಾನು ಹುಡುಕುತ್ತಿದ್ದದ್ದು ಅವುಗಳಲ್ಲಿ ಇಲ್ಲ.

ಆದರೂ ಹೊಂಡವನ್ನು ಒಮ್ಮೆ ಪೂರ್ತಿ ಬತ್ತಿಸಿ, ಬಿಸಿಲಿಗೆ ಬಿಟ್ಟು, ಸುಣ್ಣ ಹಾಕುವುದು ಒಳ್ಳೆಯದು. ಹಳೆಯ ಮೀನನ್ನು ಮಾರಬೇಡಿ, ಬೇರೆ ಹೊಂಡದವರಿಗೂ ಕೊಡಬೇಡಿ. ಪಾರ್ವತೆಮ್ಮನನ್ನು ಬರಿಗೈಯಲ್ಲಿ ಇಳಿಸಬೇಡಿ. ಇದು ಎಲ್ಲ ಹೊಂಡದವರಿಗೂ ಹೇಳುವ ಸಾಮಾನ್ಯ ಮಾತು.

ಇಲ್ಲಿ ಸೆಕೆ ಶುರುವಾಗಿದೆ. ಡಬ್ಬಿ ತೊಳೆದು ಕಳಿಸಿದ್ದೇನೆ.

ಪ್ರಫುಲ್ಲಾ

*

ಮೆಹದಿಪಟ್ಟಣಂ
30 ಮಾರ್ಚ್ 2023

ಪ್ರಫುಲ್ಲಾ,

ಯುಗಾದಿ ಆಯಿತು. ಬೇವು ತಿಂದೆ, ಬೆಲ್ಲ ಪಾರ್ವತೆಮ್ಮನ ಮೊಮ್ಮಕ್ಕಳು ತಿಂದವು. ಡಬ್ಬಿಯಲ್ಲಿ ಸಜ್ಜೆ ರೊಟ್ಟಿ, ಶೇಂಗಾ ಹಿಂಡಿ ಇಟ್ಟಿದ್ದೇನೆ. ಮೀನಿನ ವಾಸನೆ ಬಂದರೆ ಮೂಗು ಮುರಿಯಬೇಡ, ಆ ವಾಸನೆಯಲ್ಲೇ ನೀನು ಎಂ.ಎಸ್ಸಿ. ಮುಗಿಸಿದ್ದು.

ನಿನ್ನ ಕಾಗದ ಓದಿ ಎದೆ ಹಗುರಾಯಿತು. ಏನೂ ಇಲ್ಲ ಎಂದ ಮೇಲೆ ಏನೂ ಇಲ್ಲ. ಮೀನೂ ಸ್ವಚ್ಛ, ನೀನೂ ಸ್ವಚ್ಛ. ಇನ್ನು ಆ ವಿಷಯ ಬಿಟ್ಟುಬಿಡು. ಹಗಲೂ ರಾತ್ರಿ ಒಂದೇ ಪೀಡೆಯನ್ನು ದುರ್ಬೀನಿನಲ್ಲಿ ನೋಡಿದರೆ ತಲೆ ಕೆಡುತ್ತದೆ. ಬೇರೆ ಮೀನಿನ ಬೇರೆ ರೋಗ ಏನಾದರೂ ಇದ್ದರೆ ಅದನ್ನು ಹಿಡಿ.

ಒಂದು ಸುದ್ದಿ. ಹೊಂಡ ಮುಗಿಯಿತು. ಜಮೀನಿನವನು ಪ್ಲಾಟು ಹಾಕುತ್ತಾನಂತೆ. ಆ ಕಡೆಯೆಲ್ಲ ಈಗ ಗದ್ದೆಗಿಂತ ಕಲ್ಲುಕಂಬ ಜಾಸ್ತಿ. ಇದ್ದ ಮೀನೆಲ್ಲ ಹೋದವು. ನಾನು ಮತ್ತೆ ಬರೀ ಅಂಗಡಿಯವಳಾದೆ. ಬಂಗಡೆ, ಭೂತಾಯಿ ತರಿಸಿ ಮಾರುತ್ತೇನೆ. ನಿಮ್ಮ ಮಂಗಳೂರು ಕಡೆಯ ಹುಡುಗರು ಕಂಪ್ಯೂಟರ್ ಆಫೀಸುಗಳಿಂದ ಹುಡುಕಿಕೊಂಡು ಬರುತ್ತಾರೆ. ಪ್ರಜ್ವಲ ಎನ್ನುವವನೊಬ್ಬ ಪ್ರತಿ ಶನಿವಾರ ಬಂದು ಭೂತಾಯಿಯ ಕಣ್ಣು ನೋಡಿ ನಿಟ್ಟುಸಿರು ಬಿಡುತ್ತಾನೆ. "ಆಂಟಿ, ಇದು ಊರಿನಷ್ಟು ಫ್ರೆಶ್ ಇಲ್ಲ" ಎನ್ನುತ್ತಾನೆ. "ನೀನೂ ಊರಾಗ ಇದ್ದಷ್ಟು ಫ್ರೆಶ್ ಇಲ್ಲಪ್ಪ, ಎರಡಕ್ಕೂ ರೈಲಿನ ದಣಿವು" ಎಂದು ತೂಗಿಕೊಡುತ್ತೇನೆ.

ಪಾರ್ವತೆಮ್ಮ ಈಗ ಅಂಗಡಿಯಲ್ಲೇ ಇದ್ದಾಳೆ. ಸುಣ್ಣ ತುಳಿದು ಅವಳ ಹಿಮ್ಮಡಿ ಒಡೆದಿದೆ, ಎಣ್ಣೆ ಹಚ್ಚಿಕೊಳ್ಳುತ್ತ ನನ್ನನ್ನು ಬೈಯುತ್ತ ಕೂತಿರುತ್ತಾಳೆ.

ನೀನು ಬರುವುದು ಯಾವಾಗ?

ವೈನಿ

*

ಅಬಿಡ್ಸ್ ಪೋಸ್ಟ್ ಆಫೀಸಿನಿಂದ
20 ಮೇ 2023

ಪ್ರಫುಲ್ಲಾ,

ಡಬ್ಬಿ ವಾಪಸ್ ಬಂದಿಲ್ಲ. ಅದಕ್ಕೇ ಇಲ್ಲಿಗೆ ಬಂದು, ಗೋಂದು ಹಚ್ಚುವ ಮೇಜಿನ ಹತ್ತಿರ ನಿಂತು ಬರೆಯುತ್ತಿದ್ದೇನೆ.

ರೊಟ್ಟಿ ಹಾಳಾಗಿದ್ದವೇ? ನಾನು ಏನಾದರೂ ತಪ್ಪು ಬರೆದೆನೇ? ಕಾಚಿಗೂಡದ ಬಾಬು ನನ್ನನ್ನು ದೂರದಿಂದ ಕಂಡರೇ ತಲೆ ಅಲ್ಲಾಡಿಸುತ್ತಾನೆ, ಹತ್ತಿರ ಹೋಗುವ ಕೆಲಸವೂ ಇಲ್ಲದ ಹಾಗೆ. ನಿನ್ನೆ ಮಾತ್ರ ಕರೆದು ಚಹಾ ಕುಡಿಸಿದ. "ಬೇಟಿ ಹೈ ಕ್ಯಾ?" ಎಂದು ಕೇಳಿದ. ಗಂಡನ ತಂಗಿ ಎನ್ನಬೇಕಿತ್ತು. ಹೌದು ಎಂದೆ.

ಫೋನ್ ಮಾಡುವುದಿಲ್ಲ. ನಿನಗೆ ಕಷ್ಟವಾಗುತ್ತದೆ ಎಂದಿದ್ದೀಯ. ಚೀಟಿ ಬರೆಯುವುದು ಬೇಡವಾದರೆ ಖಾಲಿ ಡಬ್ಬಿಯನ್ನಾದರೂ ರೈಲಿಗೆ ಹಾಕು. ಅಲುಗಾಡಿಸಿ ನೋಡುತ್ತೇನೆ.

ವೈನಿ

*

ಮಂಗಳೂರು
4 ಜೂನ್ 2023

ವೈನಿ,

ಈ ಕಾಗದವನ್ನು 'ನೀವು' ಎಂದು ಬರೆಯಲು ಆಗುವುದಿಲ್ಲ.

ನೀನು ಕಳಿಸಿದ ಮೂರು ಮೀನಿನ ರೆಕ್ಕೆಯನ್ನು ಸತ್ತ ಮೇಲೆ ಕತ್ತರಿಸಿದ್ದು. ಡಬ್ಬಿ ತೆರೆದ ಕೂಡಲೇ ಗೊತ್ತಾಯಿತು. ಬದುಕಿದ್ದಾಗ ಕತ್ತರಿಸಿದರೆ ಬುಡದಲ್ಲಿ ಚರ್ಮ ಮುಚ್ಚಿಕೊಂಡು ನಯವಾದ ಕಲೆ ಉಳಿಯುತ್ತದೆ. ಇವುಗಳಲ್ಲಿ ಬಿಳಿ ಮಾಂಸ ಕಾಣುತ್ತಿತ್ತು, ಅಂಚಿನಲ್ಲಿ ನಿನ್ನ ಅಂಗಡಿಯ ಕತ್ತರಿಯ ಹಲ್ಲಿನ ಗೆರೆ. ಸತ್ತ ಮೈಯಲ್ಲಿ ಗಾಯ ಮಾಯುವುದಿಲ್ಲ, ವೈನಿ. ಇಷ್ಟು ವರ್ಷ ಮೀನು ಕತ್ತರಿಸಿದವಳು ಅದನ್ನು ಹೇಗೆ ಮರೆತೆ?

ಮೊದಲು ಸಿಟ್ಟು ಬಂತು. ಆಮೇಲೆ ಹೊಳೆಯಿತು, ಮೀನು ಬದಲಿಸಬೇಕಾದರೆ ಅಣ್ಣನಿಗೆ ಆ ನಂಜು ಎಲ್ಲಿಂದ ಬಂತೆಂದು ನಿನಗೆ ಗೊತ್ತಿರಬೇಕು. ನಿನಗೆ ಗೊತ್ತಿಲ್ಲವೆಂದೇ ನಾನು ಅಷ್ಟು ಜಾಗರೂಕತೆಯಿಂದ ಬರೆದಿದ್ದೆ. ನನ್ನ ಯಾವ ಕಾಗದದಲ್ಲೂ ಆ ಬ್ಯಾಕ್ಟೀರಿಯಾದ ಹೆಸರಿಲ್ಲ, ನೋಡು. ಆಸ್ಪತ್ರೆಯವರು ಅಣ್ಣನ ರಕ್ತದಿಂದ ಬೆಳೆಸಿದ್ದ ಬ್ಯಾಕ್ಟೀರಿಯಾದ ಒಂದು ನಳಿಕೆಯನ್ನು ನಾನು ಕೇಳಿ ತಂದಿದ್ದೆ. ಎಡ್ವರ್ಡ್ಸಿಯೆಲ್ಲಾ. ಆರೋಗ್ಯವಂತರಿಗೆ ಅದು ಹೀಗೆ ಮಾಡುವುದು ತೀರ ಅಪರೂಪ. ಲಿವರು ಸೋತವರಲ್ಲಿ ರಕ್ತಕ್ಕೆ ಇಳಿದರೆ ನಿಲ್ಲಿಸುವುದು ಕಷ್ಟ. ನಾನು ಓದುತ್ತಿರುವುದೂ ಅದನ್ನೇ. ಅಣ್ಣನ ಲಿವರಿನ ವಿಷಯವೂ ನನಗೆ ಗೊತ್ತಿತ್ತು.

"ಅವುಗಳಲ್ಲಿ ಇಲ್ಲ" ಎಂದು ಬರೆದೆ. ಅದು ಸುಳ್ಳಲ್ಲ. ಯಾರದೋ ಹೊಂಡದ ಯಾವುದೋ ಮೀನಿನಲ್ಲಿ ಏನೂ ಇರಲಿಲ್ಲ. ನಾಚಿಕೆಯ ಮಾತೊಂದಿದೆ. ಎಲ್ಲ ಗೊತ್ತಿದ್ದೂ, ಎರಡು ಮೂರು ದಿನ ಆ ಫಲಿತಾಂಶವನ್ನು ನಿಜವೆಂದೇ ಇಟ್ಟುಕೊಂಡು ಓಡಾಡಿದೆ. ಅಷ್ಟು ದಿನ ಊಟ ಸೇರಿತು.

ಅಣ್ಣನಿಗೆ ಕೊಟ್ಟ ಮೀನುಗಳನ್ನು ಇಲ್ಲಿಯ ಹ್ಯಾಚರಿಯಿಂದ, ಮೀನುಮರಿ ಬೆಳೆಸುವಲ್ಲಿಂದ, ಹೊರಡಿಸಿದ ದಿನ ಅದೇ ತಂಡದ ಎರಡು ಮೀನಿನ ಮೂತ್ರಪಿಂಡ ತೆಗೆದು ಫ್ರೀಜರಿನಲ್ಲಿಟ್ಟಿದ್ದೆ. ಪರೀಕ್ಷಿಸಿ ಆಮೇಲೆ ಕೊಡುವುದು ಪದ್ಧತಿ. ಮೀನು ಮಿರಮಿರ ಮಿಂಚುತ್ತಿದ್ದವು, ರೈಲಿಗೆ ಹೊತ್ತಾಗಿತ್ತು, ಅಣ್ಣ ಆಗಲೇ ಕಾಚಿಗೂಡದ ಪ್ಲಾಟ್‌ಫಾರ್ಮಿಗೆ ಬರುತ್ತೇನೆಂದು ಫೋನ್ ಮಾಡಿದ್ದ. ಆಮೇಲೆ ನೋಡಿದರಾಯಿತು ಎಂದುಕೊಂಡೆ. ಹೀಗೆ, ವೈನಿ, ಉತ್ತರ ಮೊದಲಿಂದಲೂ ನನ್ನ ಫ್ರೀಜರಿನಲ್ಲೇ ಇತ್ತು. ನಿನ್ನಿಂದ ಮೀನು ಕೇಳಿದ್ದು ಬೇರೆ ಉತ್ತರ ಸಿಗಲಿ ಎಂದು.

ಮೇ ತಿಂಗಳಲ್ಲಿ ಅದನ್ನು ತೆಗೆದೆ. ಅಣ್ಣನ ರಕ್ತದಲ್ಲಿದ್ದದ್ದೂ ಅದೂ ಒಂದೇ.

ಪ್ಲಾಟು ಹಾಕುವ ನೆಲಕ್ಕೆ ಯಾರೂ ಸುಣ್ಣ ಹೊಡೆಯುವುದಿಲ್ಲ. ಪಾರ್ವತೆಮ್ಮನ ಹಿಮ್ಮಡಿ ಓದಿದಾಗಲೇ ತಿಳಿಯಿತು. ಏನೂ ಇಲ್ಲ ಎಂದಮೇಲೂ ಹೊಂಡ ಯಾಕೆ ಒಣಗಿಸಬೇಕು ಎಂದು ನೀನು ನನ್ನನ್ನು ಕೇಳಲಿಲ್ಲ. ಕೇಳುವವಳು ನೀನು. ಎಲ್ಲವನ್ನೂ ಕೊಂದೆಯಾ? ಗೌಡಶಾನಿಯನ್ನೂ?

ಅಣ್ಣನಿಗೆ ಖುಷಿಯಾಗಲೆಂದು ತಂದೆ. ಅವನು ಅದಕ್ಕೆ ಅಂಗೈ ಚಾಚಿದ. ಇದಕ್ಕಿಂತ ಹೆಚ್ಚು ನನಗೆ ಬರೆಯಲು ಬರುವುದಿಲ್ಲ. ನನ್ನ ಮುಖ ನೋಡಬೇಕೋ ಬೇಡವೋ ನಿನಗೆ ಬಿಟ್ಟದ್ದು. ಡಬ್ಬಿ ನನ್ನ ಮೇಜಿನ ಕೆಳಗಿದೆ. ಕಳಿಸಲು ಧೈರ್ಯ ಬರುತ್ತಿಲ್ಲ.

ಪ್ರಫುಲ್ಲಾ

*

ಮೆಹದಿಪಟ್ಟಣಂ
29 ಜೂನ್ 2023

ಪ್ರಫುಲ್ಲಾ,

ನಿನ್ನ ಕಾಗದವನ್ನು ಅಂಗಡಿಯಲ್ಲಿ ಓದಿದೆ. ಗಿರಾಕಿಗಳು ನಿಂತಿದ್ದರು. ಪಾರ್ವತೆಮ್ಮ ತಕ್ಕಡಿ ಹಿಡಿದು, "ನಮ್ಮಕ್ಕಗ ಊರಿಂದ ಕಾಗದ ಬಂದೈತಿ, ಇವತ್ತು ತೂಕ ಹೆಚ್ಚುಕಮ್ಮಿ ಆದ್ರ ನನ್ನ ಬೈರಿ" ಎಂದು ಎಲ್ಲರನ್ನೂ ಸಾಗಹಾಕಿದಳು.

ಮೊದಲು ರೆಕ್ಕೆಯ ಮಾತು ಮುಗಿಸೋಣ. ಮೀನು ನನ್ನ ಪಕ್ಕ ಕೂತು ಮಾರುವ ಕಾಶಿನಾಥನ ಕಟ್ಟೆಯದು. ತಲೆಗೆ ಹೊಡೆದು ಕೊಟ್ಟ, ನಾನು ಗೋಡೆಗೆ ಮುಖ ಮಾಡಿ ಕತ್ತರಿಸಿದೆ. ಗಿರಾಕಿಗೆ ತೋರಿಸುವ ಮೋಸವನ್ನೇ ನಿನಗೂ ತೋರಿಸಿದೆ. ಗಿರಾಕಿ ಗಾಯದ ವಯಸ್ಸು ನೋಡುವುದಿಲ್ಲ. ನಿನ್ನನ್ನು ಓದಿಸಿದ್ದು ನಾವೇ ಎಂಬುದು ಮರೆತೇಹೋಗಿತ್ತು.

ನನಗೆ ಆಸ್ಪತ್ರೆಯಲ್ಲೇ ಗೊತ್ತಾಗಿತ್ತು. ನೀನು ರಕ್ತದ ಬಾಟಲಿಗೆಂದು ಕೆಳಗೆ ಓಡಿದ್ದೆ. ಚಿಕ್ಕ ವಯಸ್ಸಿನ ಡಾಕ್ಟರಮ್ಮ ಬಂದು, ಇವರು ಮೀನಿನ ಕೆಲಸ ಮಾಡುತ್ತಾರಾ ಎಂದು ಕೇಳಿದಳು. ಆ ಹೆಸರು ಎರಡು ಸಲ ಹೇಳಿದಳು. ಹೊಂಡದ ಮೀನಿನಿಂದ ಬರುತ್ತದೆ ಎಂದಳು. ಸಂತೆಯಲ್ಲಿ ಒಮ್ಮೆ ಕೇಳಿದ ಹೆಸರನ್ನು ನಾನು ಮರೆತವಳಲ್ಲ. ಸಾಬಣ್ಣನಿಗೆ ಎಚ್ಚರವಿತ್ತು. ಅವಳು ಹೋದ ಮೇಲೆ ನನ್ನ ಸೆರಗು ಹಿಡಿದ.

"ಪ್ರಫುಲ್ಲಾಗ ಮೀನಿನ ಮಾತು ಹೇಳಬ್ಯಾಡ."

"ಯಾಕ?"

"ಆಕಿ ಭಾಳ ಓದ್ಯಾಳ. ಓದಿದವರು ಎಲ್ಲಾ ತಮ್ಮ ತಲೀಗೆ ಹಚ್ಚಿಕೊಳ್ತಾರ."

"ನಿನ್ನ ತಲೀಗೇನು ಹಚ್ಚಲಿ?"

"ನನಗ ಎಣ್ಣಿ ಹಚ್ಚು" ಎಂದು ನಕ್ಕ. ಹಚ್ಚಿದೆ. ಅವನು ಆಡಿದ ಕೊನೆಯ ತಮಾಷೆ ಅದು. ಅಷ್ಟರಲ್ಲಿ ನೀನು ಬಂದೆ, ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತ. ನಿನ್ನ ಮುಖ ನೋಡಿದ ಮೇಲೆ ಅವನು ಹೇಳದಿದ್ದರೂ ನಾನು ಬಾಯಿ ತೆರೆಯುತ್ತಿರಲಿಲ್ಲ.

ಹೀಗಾಗಿ ನಿನ್ನ ಚೀಟಿ ಬಂದಾಗ ಯಾಕೆ ಕೇಳುತ್ತಿದ್ದೀಯೆಂದು ಗೊತ್ತಿದ್ದೇ, ಯಾಕೆ ಎಂದು ಬರೆದೆ. ನೀನು ಸುಳ್ಳು ಹೇಳಿದರೆ ನಾನೂ ಹೇಳಬಹುದಲ್ಲ ಎಂಬ ಆಸೆ.

ಯಾರ ತಪ್ಪು ಎಂದು ನಾನೂ ತೂಗಿ ನೋಡಿದ್ದೇನೆ. ತೂಗುವುದು ಬಿಟ್ಟು ನನಗೆ ಬೇರೇನು ಬರುತ್ತದೆ? ನೀನು ಪರೀಕ್ಷೆ ಮಾಡದೆ ಕೊಟ್ಟದ್ದು ಹೌದು. ಇಲ್ಲ ಎನ್ನುವುದಿಲ್ಲ, ನಾನು ಇಲ್ಲ ಎಂದರೆ ನೀನು ನಂಬುವುದೂ ಇಲ್ಲ. ಅದನ್ನು ತಟ್ಟೆಗೆ ಹಾಕಿದೆ. ಆ ಜಾಲರಿಗೆ ಅಗ್ಗದ ತಂತಿ ಕಟ್ಟಿಸಿದ್ದು ನಾನು, ಅದನ್ನೂ ಹಾಕಿದೆ. ಅವನು ಕುಡಿದ ಸಾರಾಯಿಯನ್ನು ಹಾಕಿದೆ, ಗೀರಿದ ಕೈಯನ್ನು ಮತ್ತೆ ನೀರಿಗಿಟ್ಟ ಅವನ ಹಟವನ್ನು ಹಾಕಿದೆ. ಎಷ್ಟು ಹಾಕಿದರೂ ಎದುರಿನ ತಟ್ಟೆ ಮೇಲೇಳಲಿಲ್ಲ. ಅಲ್ಲಿ ಅವನು ಕೂತಿದ್ದಾನೆ. ಆಮೇಲೆ ತಕ್ಕಡಿ ಕೆಳಗಿಟ್ಟೆ. ನೀನೂ ಇಡು.

ಹೊಂಡದ ಮಾತು. ಹೌದು, ಕೊಂದೆವು. ನಿನಗೆ ಡಬ್ಬಿ ಕಳಿಸಿದ ಮರುವಾರವೇ ನೀರು ಬಿಟ್ಟೆ, ನಿನ್ನ ಉತ್ತರಕ್ಕೆ ಕಾಯಲಿಲ್ಲ. ಪಾರ್ವತೆಮ್ಮನಿಗೆ ಆಗಲೇ ಎಲ್ಲ ಹೇಳಿದೆ. ಅವಳು ತನ್ನ ಕೈಯನ್ನು ತಿರುಗಿಸಿ ಮುರುಗಿಸಿ ನೋಡಿಕೊಂಡಳು, ಆಮೇಲೆ ಕೈಗವಸು ತಾನೇ ಹಾಕಿಕೊಂಡಳು. ಗುಂಡಿ ತೋಡಿ, ಸುಣ್ಣದ ಮೇಲೆ ಮೀನು, ಮೀನಿನ ಮೇಲೆ ಸುಣ್ಣ ಹಾಕಿ ಮುಚ್ಚಿದೆವು. ನಡುವೆ ಒಂದು ಜೋಡಿ ತಮ್ಮ ಕೆಂಪು ಮರಿಗಳ ಗುಂಪನ್ನು ಸುತ್ತಿಕೊಂಡು, ಮೊಣಕಾಲುದ್ದದ ನೀರಿನಲ್ಲೂ ನಮ್ಮ ಕಾಲಿಗೆ ಗುದ್ದುತ್ತಿದ್ದವು. ಕೊರ್ರಮೀನು ಮರಿ ಬಿಟ್ಟು ಓಡುವುದಿಲ್ಲ. ಅದನ್ನು ಬರೆಯಬಾರದು ಎಂದುಕೊಂಡಿದ್ದೆ, ಬರೆದೆ. ಪ್ಲಾಟಿನ ಕಥೆ ನಾನು ಕಟ್ಟಿದ್ದು. ಹೊಂಡ ಹಾಗೇ ಇದೆ, ಒಣಗಿ, ಬೆಳ್ಳಗೆ.

ಗೌಡಶಾನಿ ಮಾತ್ರ ಸಿಕ್ಕಿರಲಿಲ್ಲ. ಕಾಗೆಯೋ ನಾಯಿಯೋ ಎತ್ತಿಕೊಂಡು ಹೋಯಿತು ಎಂದುಕೊಂಡೆ. ಹೋದ ವಾರ ಮೊದಲ ಮಳೆ ಬಿತ್ತು. ಮರುದಿನ ಗೇಟಿನ ಬೀಗ ನೋಡಲು ಹೋದರೆ, ನೀರು ಬಿಡುವ ಪೈಪಿನ ಗುಂಡಿಯಲ್ಲಿ ಕೆಸರು ಅಲ್ಲಾಡುತ್ತಿತ್ತು. ಇಡೀ ಬೇಸಿಗೆ ಆ ತೇವದೊಳಗೆ ಹುದುಗಿದ್ದಾಳೆ, ಬಾಯಿಂದ ಗಾಳಿ ಕುಡಿಯುತ್ತ. ಸುಣ್ಣ ಅಲ್ಲಿಗೆ ಮುಟ್ಟಿಲ್ಲ. ತೆಳ್ಳಗಾಗಿದ್ದಾಳೆ, ತಲೆ ಮಾತ್ರ ಅದೇ. ಮಗುಚಿ ನೋಡಿದೆ. ಎಡ ರೆಕ್ಕೆಯ ಜಾಗದಲ್ಲಿ ನೀನು ಹೇಳಿದ ಹಾಗೇ ನಯವಾದ ಕಲೆ.

ದಂಡೆಯ ಸಿಮೆಂಟಿನ ತೊಟ್ಟಿಯಲ್ಲಿ ಬಿಟ್ಟೆ. ಕೈಗವಸು ಹಾಕಿದ ಕೈಯನ್ನು, ಅವನು ಇಡುತ್ತಿದ್ದ ಹಾಗೆ, ಅಂಗೈ ಮೇಲೆ ಮಾಡಿ ನೀರಿಗಿಟ್ಟೆ. ತಳದಿಂದ ಎದ್ದು ಬಂದಳು. ರಬ್ಬರಿಗೆ ಮೂತಿ ತಾಗಿಸಿದಳು. ಸ್ವಲ್ಪ ಹೊತ್ತು ಹಾಗೇ ನಿಂತಳು. ಆಮೇಲೆ ತಿರುಗಿ ತಳಕ್ಕೆ ಹೋದಳು.

ಅವಳನ್ನು ಉಳಿಸುವ ಹಾಗಿಲ್ಲ. ಅವಳೊಳಗೆ ಏನು ಕೂತಿದೆ ಎಂದು ನಿನಗೂ ಗೊತ್ತು, ನನಗೂ ಗೊತ್ತು. ಕೊಲ್ಲುವುದು ನನ್ನ ಕಸುಬು. ಇದೊಂದು ಒಬ್ಬಳ ಕೈಯಲ್ಲಿ ಆಗುವುದಿಲ್ಲ, ಪ್ರಫುಲ್ಲಾ. ನಿನಗೆ ನಿಜವಾದ ಗುರುತಿನ ಮೀನು ಬೇಕಿತ್ತಲ್ಲ, ಇದೆ. ರೈಲಿಗೆ ಹಾಕುವುದಿಲ್ಲ. ಡಬ್ಬಿ ಹೊತ್ತು ನೀನೇ ಬಾ. ತೊಟ್ಟಿಯ ಪಕ್ಕ ಇಬ್ಬರೂ ಕೂತು ಮಾಡೋಣ, ಆಮೇಲೆ ಮನೆಗೆ ಹೋಗಿ ಉಣ್ಣೋಣ. ನಿನ್ನ ಜಡೆ ನಾನು ಹಾಕುತ್ತೇನೆ, ಮೆಲ್ಲಗೆ.

ಈ ಕಾಗದ ಮುಟ್ಟಿದ ಮೇಲೆ ಬರುವ ಭಾನುವಾರ, ಅಂಗಡಿ ಮುಚ್ಚಿ, ಸಂಜೆ ಫೋನ್ ಮಾಡುತ್ತೇನೆ. ಅವನ ಫೋನಿನಿಂದಲೇ ಮಾಡುತ್ತೇನೆ. ಹೆಸರು ಬದಲಿಸಬೇಡ, ಫೋಟೊನೂ ಇರಲಿ. 'ಅಣ್ಣ' ಎಂದು ಬಂದಾಗ ಎತ್ತು. ಆ ಕಡೆ ನಾನು ಇರುತ್ತೇನೆ.

ನಿನ್ನ ವೈನಿ